ಬ್ರೇಕು ಹಾಕಿದರೆ ಹಾರ್ನ್ ಹೊಡೆದುಕೊಂಡ ಕಾರಿನ ಕುರಿತು

ವಾಹನ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ಕಳೆದ ವಾರ ನಿಮ್ಮ ಕಚೇರಿಯ ಅಂಗಳದಲ್ಲಿ ನಿಮ್ಮ ಬಿಳಿ ಅಂಗಿಯ ಮೇಲೆ ಚಹಾ ಚೆಲ್ಲಲು ಕಾರಣವಾದ ತಿಳಿಹಸಿರು ಬಣ್ಣದ ಹಳೇ ಕಾರು ನಮ್ಮದು. ಅಂಗಿಗಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಲೆ ಹೋಗದಿದ್ದರೆ ಕಳಿಸಿಕೊಡಿ. ನಾನು ದರ್ಜಿ, ಅದೇ ಅಳತೆಗೆ ಇನ್ನೊಂದು ಹೊಲಿದುಕೊಡುತ್ತೇನೆ. ಆದರೆ ಅಂಗಿ ಒದ್ದೆಯಾದ ಸಿಟ್ಟಿನಲ್ಲಿ ನೀವೊಂದು ಆದೇಶ ಬರೆದಿರಲ್ಲ, 'ಕೈ ಲಿವರ್ ತೆಗೆದು, ವಾಹನವನ್ನು ಮೊದಲಿನ ಸ್ಥಿತಿಗೆ ತಂದು ಹಾಜರುಪಡಿಸತಕ್ಕದ್ದು' ಎಂದು, ಅದನ್ನು ಮಾತ್ರ ನಾನು ಒಪ್ಪಲಾರೆ. ಆ ಲಿವರ್ ತೆಗೆದರೆ ನನ್ನ ಅಕ್ಕನಿಗೆ ಕಾರು ಓಡಿಸಲು ಆಗುವುದಿಲ್ಲ. ಅವಳು ಓಡಿಸಲಿ ಎಂದೇ ನಾವು ಆ ಕಾರನ್ನು ಕಸದಿಂದ ಎತ್ತಿ ತಂದದ್ದು. ಇದನ್ನು ಹೇಳಲು ನಿಮ್ಮ ಕಚೇರಿಯ ಕಿಟಕಿಗೆ ಹೋದರೆ 'ಬರವಣಿಗೆಯಲ್ಲಿ ಕೊಡಿ' ಎಂದರು. ಕೊಡುತ್ತಿದ್ದೇನೆ. ಊರಿನವರೂ ಓದಲಿ ಎಂದು ಪತ್ರಿಕೆಯಲ್ಲಿ ಕೊಡುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಮೊದಲಿನ ಸ್ಥಿತಿ ಎಂದಿರಿ. ಸಂತೋಷ. ಆ ಸ್ಥಿತಿಯನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ. ಕಾರು ಹಿಟ್ಟಿನ ಗಿರಣಿಯ ಹಿತ್ತಲಲ್ಲಿ ವರ್ಷಗಟ್ಟಲೆ ಅನಾಥವಾಗಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಗಿರಣಿಯವರ ಕೋಳಿ ಮೊಟ್ಟೆಯಿಟ್ಟು ಕಾವು ಕೊಡುತ್ತಿತ್ತು. ನೆಲದ ತಗಡು ತುಕ್ಕು ಹಿಡಿದು ತೂತಾಗಿ, ಆ ತೂತಿನಿಂದ ಒಂದು ಗಿಡ ಎದ್ದು ಬಂದು ಗೇರಿನ ಹಿಡಿಕೆಯ ಜೊತೆ ಎತ್ತರದಲ್ಲಿ ಪೈಪೋಟಿಗೆ ಇಳಿದಿತ್ತು. ಎಂಜಿನ್ನಿಗೆ ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಗಿರಣಿಯವರು ಅದನ್ನು ಓಡಿಸುತ್ತಿದ್ದ ಕೊನೆಯ ದಿನಗಳಲ್ಲಿ ಬ್ರೇಕು ಹಿಡಿಯುತ್ತಲೇ ಇರಲಿಲ್ಲವಂತೆ. ಮನೆ ಬಂತೆಂದರೆ ಗೇಟಿನ ಪಕ್ಕದ ಮರಳಿನ ಗುಡ್ಡೆಗೆ ಮೆಲ್ಲಗೆ ಗುದ್ದಿಸಿ ನಿಲ್ಲಿಸುತ್ತಿದ್ದರಂತೆ. ತಮಾಷೆ ನೋಡಿ, ಆ ಕಾಲದಲ್ಲೂ ನಿಮ್ಮ ಕಚೇರಿ ಈ ಕಾರು ರಸ್ತೆಗೆ ಯೋಗ್ಯವೆಂದು ಚೀಟಿ ಕೊಟ್ಟಿತ್ತು. ಆ ಚೀಟಿ ಗಾಜಿನ ಮೇಲೆ ಇನ್ನೂ ಅಂಟಿಕೊಂಡಿತ್ತು, ಕೆರೆದು ತೆಗೆಯಲು ನಮಗೆ ಸಾಕುಬೇಕಾಯಿತು. ಬ್ರೇಕಿಲ್ಲದಾಗ ಯೋಗ್ಯವಾಗಿದ್ದ ಕಾರು ಬ್ರೇಕು ಬಂದ ಮೇಲೆ ಅಯೋಗ್ಯವಾಯಿತೇ? ಮೊದಲಿನ ಸ್ಥಿತಿಗೆ ತರಲೇಬೇಕೆಂದರೆ ನಾನು ಎಲ್ಲಿಂದ ಶುರು ಮಾಡಲಿ? ಇಲಿಗಳನ್ನು ಹುಡುಕಿಕೊಂಡು ಹೋಗಿ ಕೈಮುಗಿದು ಕರೆತರಲೇ?

ಇನ್ನು ಅಕ್ಕನ ವಿಷಯ. ಈ ಊರಿನ ಡ್ರೈವಿಂಗ್ ಶಾಲೆಯಲ್ಲಿ ಅವಳು ಬಹಳ ವರ್ಷ ಕಾರು ಕಲಿಸಿದವಳು. 'ಬ್ರೇಕು! ಬ್ರೇಕು!' ಎಂಬ ಅವಳ ಕೂಗು ಮುಖ್ಯರಸ್ತೆಯ ಅಂಗಡಿಗಳಿಗೆಲ್ಲ ಕೇಳಿಸುತ್ತಿದ್ದುದರಿಂದ ಜನ ಅವಳನ್ನು ಬ್ರೇಕಕ್ಕ ಎಂದೇ ಕರೆಯುತ್ತಾರೆ. ಒಂದು ಕಾಯಿಲೆ ಬಂತು. ಅದರಿಂದ ಎದ್ದಾಗ ಅವಳ ಬಲಗಾಲು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಬ್ರೇಕು, ಆಕ್ಸಿಲರೇಟರ್ ಎರಡೂ ಬಲಗಾಲಿನ ಕೆಲಸ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಊರಿನವರಿಗೆಲ್ಲ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಹುಕುಂ ಮಾಡುತ್ತಿದ್ದವಳು ಆಮೇಲೆ ಬೀದಿ ತುದಿಯ ಔಷಧಿ ಅಂಗಡಿಗೆ ಹೋಗಲೂ ನನ್ನ ಹೊಲಿಗೆ ಯಂತ್ರದ ಪಕ್ಕ ನಿಂತು 'ನಿಂಗೆ ಪುರುಸೊತ್ತಿದ್ಯಾ?' ಎಂದು ಮೆಲ್ಲಗೆ ಕೇಳತೊಡಗಿದಳು. ಆ ಮೆಲ್ಲಗಿನ ದನಿ ಕೇಳಿದಾಗಲೆಲ್ಲ ನಾನು ಯಂತ್ರ ನಿಲ್ಲಿಸಿ ಎದ್ದುಬಿಡುತ್ತಿದ್ದೆ. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಂದು ದಿನ ನಾನೇ ಕೇಳಿದೆ, 'ಅಕ್ಕಾ, ನಿಂಗೇನು ಬೇಕು ಹೇಳು.' ಅವಳು ಹೇಳಿದ್ದು ಇಷ್ಟೇ: 'ಒಬ್ಬಳೇ ಹೋಗ್ಬೇಕು ಕಣೋ. ಎಲ್ಲಿಗೆ ಅಂತ ಕೇಳ್ಬೇಡ.'

ಹೀಗಾಗಿ ಕಾರು ಬಂತು. ನನಗೆ ಕಾರಿನ ಗಂಧಗಾಳಿ ಇಲ್ಲ. ಪಕ್ಕದ ಅಂಗಡಿಯಲ್ಲಿ ಬೆಸುಗೆ ಹಾಕುವವನಿದ್ದಾನೆ, ಅವನಿಗೆ ಕಬ್ಬಿಣ ಗೊತ್ತು. ಅಕ್ಕನಿಗೆ ಕಾರಿನ ಹೊಟ್ಟೆಯೊಳಗಿನದೆಲ್ಲ ಗೊತ್ತು. ಅವಳು ನಮ್ಮ ಅಂಗಡಿಯ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಊರುಗೋಲಿನಿಂದ ತೋರಿಸುತ್ತಿದ್ದಳು, ನಾವಿಬ್ಬರೂ ಬಿಚ್ಚುತ್ತಿದ್ದೆವು. ನೆಲಕ್ಕೆ ಹೊಸ ತಗಡಿನ ತೇಪೆ ಬಿತ್ತು. ಬೆಸುಗೆಯವನ ಗಿರಾಕಿಯೊಬ್ಬರು ಅಳತೆ ತಪ್ಪಿದೆಯೆಂದು ಬಿಟ್ಟುಹೋಗಿದ್ದ 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಫಲಕ ಅದು. ಕಾರಿಗೆ ಬೇಜಾರಾಗದಿರಲಿ ಎಂದು ಅಕ್ಷರವನ್ನು ಕೆಳಮುಖ ಮಾಡಿ ಕೂರಿಸಿದೆವು. ಬ್ರೇಕಿನ ರಬ್ಬರುಗಳೆಲ್ಲ ಹೊಸವು ಬಂದವು. ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ಉಜ್ಜಿ ನನ್ನ ಬೆರಳಿನ ಗೆರೆಗಳೇ ಸವೆದು, ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಯಿತು. ಸೀಟುಗಳನ್ನು ಮಾತ್ರ ನಾನು ಯಾರಿಗೂ ಮುಟ್ಟಗೊಡಲಿಲ್ಲ. ಕೋಟಿನ ಬಟ್ಟೆ ಹಾಕಿ, ಅಂಚಿಗೆ ಪಟ್ಟಿ ಕೊಟ್ಟು, ಮದುಮಗನ ಉಡುಪು ಹೊಲಿದಷ್ಟು ಮುತುವರ್ಜಿಯಿಂದ ಹೊಲಿದಿದ್ದೇನೆ. ನೀವು ಒಮ್ಮೆಯಾದರೂ ಒಳಗೆ ಕೂತಿದ್ದರೆ ತಿಳಿಯುತ್ತಿತ್ತು.

ಲಿವರಿನ ಅಳತೆಯನ್ನೂ ನಾನೇ ತೆಗೆದೆ. ಸ್ಟೀರಿಂಗಿನ ಕೆಳಗೆ, ಪೆಡಲುಗಳಿಗೆ ಜೋಡಿಸಿದ ಒಂದು ಕಬ್ಬಿಣದ ಕೊಳವೆ. ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನತ್ತ ಎಳೆದರೆ ವೇಗ. ಅಕ್ಕನನ್ನು ಸೀಟಿನಲ್ಲಿ ಕೂರಿಸಿ, ತೋಳಿನುದ್ದ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮೊದಲು ದಾರದಲ್ಲಿ ಕಟ್ಟಿ ನೋಡಿ, ಸರಿಯೆನಿಸಿದ ಮೇಲೆಯೇ ಬೆಸುಗೆ. ಅಂಗಿಗೆ ಟ್ರಯಲ್ ನೋಡುವುದಿಲ್ಲವೇ, ಹಾಗೆ. ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಆದರೆ ಅಧಿಕಾರಿಗಳೇ, ದರ್ಜಿಗಳದ್ದೊಂದು ಚಾಳಿಯಿದೆ. ಹೊಲಿಗೆಯ ಒಳಗೆ ಸ್ವಲ್ಪ ಬಟ್ಟೆ ಹೆಚ್ಚಿಗೆ ಬಿಡದೆ ನಮಗೆ ಸಮಾಧಾನವಾಗುವುದಿಲ್ಲ. ನಾಳೆ ಗಿರಾಕಿ ದಪ್ಪಗಾದರೆ ಬಿಚ್ಚಿ ಅಗಲ ಮಾಡಬೇಕಲ್ಲ! ಅದೇ ಅಭ್ಯಾಸದಲ್ಲಿ ಲಿವರಿಗೂ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೆ.

'ಅಣ್ಣಾ, ಇಷ್ಟುದ್ದ ಯಾಕೆ?' ಎಂದು ಬೆಸುಗೆಯವನು ಕೇಳಿಯೇ ಕೇಳಿದ.

'ಇರ್ಲಿ ಬಿಡಯ್ಯ. ಒಂದ್ಸಲ ಕತ್ತರಿಸಿದ್ಮೇಲೆ ಮತ್ತೆ ಸೇರ್ಸೋಕಾಗುತ್ತಾ?'

'ಸೇರ್ಸೋದೇ ಅಲ್ವಾ ಅಣ್ಣಾ ನನ್ ಕೆಲ್ಸ?' ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿಯ ಹಿಂದಿನ ಓಣಿಯಲ್ಲಿ ಅಕ್ಕ ಮೊದಲ ಸಲ ಕಾರು ಹೊರಡಿಸಿದಾಗ ನನಗೆ ಅಳು ಬಂದುಬಿಟ್ಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ 'ದಾರಿ ಬಿಡೋ ಪೆದ್ದೇ!' ಎಂದು ಮೊದಲಿನ ಹಾಗೆ ಗದರಿದಳು. ದಿನಾ ಹಿಂದೆ ಮುಂದೆ ಓಡಿಸಿ, ನಿಲ್ಲಿಸಿ, ತಿರುಗಿಸಿ ಕೈ ಪಳಗಿಸಿಕೊಂಡಳು. ಲಿವರಿನ ಹೆಚ್ಚಿನ ತುದಿ ಸ್ಟೀರಿಂಗ್ ಪಕ್ಕದ ಹಾರ್ನಿನ ಕಡ್ಡಿಗೆ ತಾಗುತ್ತಿರುವುದು ನಮಗಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಹಾರ್ನಿಗೆ ಇನ್ನೂ ತಂತಿಯೇ ಜೋಡಿಸಿರಲಿಲ್ಲ. ತಪಾಸಣೆಗೆ ಹಾರ್ನ್ ಕಡ್ಡಾಯ ಎಂಬ ನಿಮ್ಮ ನಿಯಮಕ್ಕೆ ತಲೆಬಾಗಿ ತಪಾಸಣೆಯ ದಿನ ಬೆಳಿಗ್ಗೆಯಷ್ಟೇ ತಂತಿ ಜೋಡಿಸಿ, ಕಾರನ್ನು ತಳ್ಳಿ ಲಾರಿಯ ಮೇಲೇರಿಸಿ ನಿಮ್ಮ ಅಂಗಳದ ಗೇಟಿನ ಬಳಿ ತಂದಿಳಿಸಿದೆವು.

ಮುಂದಿನದು ನಿಮಗೇ ಗೊತ್ತಿದೆ. ಗೇಟಿನಿಂದ ಅಕ್ಕ ತಾನೇ ಓಡಿಸಿಕೊಂಡು ಬಂದಳು. ನೀವು ಚಹಾ ಲೋಟ ಹಿಡಿದು, ಕಾರು ನಿಲ್ಲಬೇಕಾದ ಬಿಳಿ ಗೆರೆಯ ಆಚೆ ನಿಂತಿದ್ದಿರಿ. ಅವಳು ಬ್ರೇಕು ತಳ್ಳಿದಳು, ಹಾರ್ನ್ ಬೊಬ್ಬೆ ಹೊಡೆಯಿತು, ನೀವು ಹಾರಿದಿರಿ, ಚಹಾವೂ ಹಾರಿತು. ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಅದಕ್ಕೂ ಕ್ಷಮೆಯಿರಲಿ. ಆದರೆ ಆ ಗಲಾಟೆಯಲ್ಲಿ ಯಾರೂ ಗಮನಿಸದ ಒಂದು ಸಂಗತಿಯಿತ್ತು: ಕಾರು ಗೆರೆಯ ಮೇಲೆ ಕರಾರುವಾಕ್ಕಾಗಿ ನಿಂತಿತ್ತು. ತಪ್ಪು ನನ್ನ ನಾಲ್ಕು ಬೆರಳಿನದು. ಅದನ್ನು ಮಾರನೆಯ ದಿನವೇ ಬೆಸುಗೆಯವನು ಕತ್ತರಿಸಿ ಎಸೆದಿದ್ದಾನೆ. ಹಲ್ಲು ಕಿರಿಯುತ್ತಲೇ ಕತ್ತರಿಸಿದ.

ನನ್ನ ನಿಜವಾದ ದೂರು ಚೆಲ್ಲಿದ ಚಹಾದ್ದಲ್ಲ, ಆದೇಶದ್ದೂ ಅಲ್ಲ. ಅಂಗಿ ಒರೆಸಿಕೊಂಡು ನೀವು ಕಾರಿನ ಹತ್ತಿರ ಬಂದಿರಿ. ಅಕ್ಕ ಚಾಲಕರ ಸೀಟಿನಲ್ಲಿ, ನಿಮ್ಮಿಂದ ಒಂದು ಮಾರು ದೂರದಲ್ಲಿ ಕೂತಿದ್ದಳು. ಅವಳ ಊರುಗೋಲನ್ನು ನೋಡಿದಿರಿ, ಕಾಲನ್ನು ನೋಡಿದಿರಿ, ಆಮೇಲೆ ಅವಳ ತಲೆಯ ಮೇಲಿಂದ ನನ್ನತ್ತ ತಿರುಗಿ ಕೇಳಿದಿರಿ: 'ಇವರು ಓಡಿಸ್ತಾರೇನ್ರೀ? ಯಾಕ್ರೀ ಬೇಕು ಇದೆಲ್ಲ? ಎಲ್ಲಿಗೆ ಬೇಕೋ ನೀವೇ ಕರ್ಕೊಂಡು ಹೋಗ್ಬಹುದಲ್ವಾ?'

ಮಾನ್ಯರೇ, ಅಕ್ಕನಿಗೆ ಕಾಲಿನ ತೊಂದರೆಯಿದೆ, ಕಿವಿಯದ್ದಲ್ಲ. ಹಾರ್ನಿನ ಸದ್ದಿಗೆ ನೀವು ಬೆಚ್ಚಿದ್ದಕ್ಕಿಂತ ಜಾಸ್ತಿ ನಿಮ್ಮ ಆ ಮಾತಿಗೆ ನಾನು ಬೆಚ್ಚಿದೆ. ಎಂಥವರಿಗೂ ಎದುರು ಮಾತಾಡುವ ನನ್ನ ಅಕ್ಕ ಅಂದು ಸ್ಟೀರಿಂಗಿನ ಮೇಲಿಂದ ಕೈ ತೆಗೆದುಬಿಟ್ಟಳು. ಇನ್ನು ನಿಮ್ಮ ಸಲಹೆ: ನಾನೇ ಕರೆದುಕೊಂಡು ಹೋಗುವುದು. ಗಂಡಸು ಪಕ್ಕದಲ್ಲಿ ನಿಂತಿದ್ದಾನೆ, ಎಂದ ಮೇಲೆ ಇವನಿಗೆ ಕಾರು ಬರುತ್ತದೆ ಎಂದು ನೀವೇ ತೀರ್ಮಾನಿಸಿದಿರಿ. ನನಗೆ ಕಾರು ಓಡಿಸಲು ಬರುವುದಿಲ್ಲ ಸ್ವಾಮಿ! ಕಲಿಸಲು ಹೊರಟ ಅಕ್ಕನೇ ಕೈಚೆಲ್ಲಿ, 'ನೀನು ಸೂಜಿ ಹಿಡಿ, ರಸ್ತೆ ಮೇಲಿರೋ ಜನಾನಾದ್ರೂ ಬದುಕ್ಲಿ' ಎಂದಿದ್ದಾಳೆ. ಎರಡೂ ಕಾಲು ನೆಟ್ಟಗಿದ್ದೂ ಓಡಿಸಲಾರದ ನನ್ನನ್ನು ನೀವು ನಂಬಿದಿರಿ. ಊರಿನ ಅರ್ಧ ಜನಕ್ಕೆ ಕಲಿಸಿದವಳನ್ನು ಒಂದು ಮಾತು ಕೇಳಲಿಲ್ಲ. ಯಾವ ನಿಯಮ ನೋಡಿ ಹಾಗೆ ಮಾಡಿದಿರಿ?

ನನ್ನ ಬೇಡಿಕೆ ದೊಡ್ಡದೇನಲ್ಲ. ಆದೇಶವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಒಮ್ಮೆ ಆ ಕಾರಿನಲ್ಲಿ ಅಕ್ಕನ ಪಕ್ಕ ಕುಳಿತುಕೊಳ್ಳಿ. ಏರು, ಇಳಿಜಾರು, ಸಂತೆಯ ಇಕ್ಕಟ್ಟು, ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಲು ಹೇಳಿ. ಹೇಳುವುದನ್ನು ಅವಳಿಗೇ ಹೇಳಿ. ಚಹಾ ಮಾತ್ರ ಕುಡಿದು ಬನ್ನಿ.

ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ಅಲ್ಲಲ್ಲಿ ನಕ್ಕಳು. ನಾನು 'ದಯವಿಟ್ಟು ಕರುಣೆ ತೋರಿ' ಎಂದು ಬರೆದಿದ್ದ ಸಾಲು ಬಂದ ಕೂಡಲೇ ಕೈಯಿಂದ ಕಾಗದ ಕಿತ್ತುಕೊಂಡು ಅದನ್ನು ಹೊಡೆದುಹಾಕಿದಳು. 'ಬೇಡ್ಕೋಬೇಡ ಕಣೋ. ಅವರು ಬರ್ಲಿ, ಪರೀಕ್ಷೆ ಮಾಡ್ಲಿ. ಓಡ್ಸೋದು ಸರಿಯಿಲ್ಲ ಅಂದ್ರೆ ಫೇಲ್ ಮಾಡ್ಲಿ, ನಾನೇ ನಿಂತು ಆ ಲಿವರ್ ಬಿಚ್ಚಿಸ್ತೀನಿ. ಆದ್ರೆ ಫೇಲಾಗೋದು ನಾನಾಗಿರ್ಬೇಕು, ನನ್ನ ಕಾಲಲ್ಲ' ಎಂದಳು.

ಇಂತಿ,
ನೀವು ಪರೀಕ್ಷೆಗೆ ಬರುವ ದಿನ ಹಿಂದಿನ ಸೀಟಿನಲ್ಲೂ ಕೂರಕೂಡದು, ಅಂಗಡಿಯಲ್ಲೇ ಇರಬೇಕು ಎಂದು ಅಕ್ಕನಿಂದ ಅಪ್ಪಣೆಯಾಗಿರುವ
ಊರಿನ ಒಬ್ಬ ದರ್ಜಿ