ಏಳದವನ ಕಲ್ಲು

ರಾಯಚೂರು
೧೨ ಜನವರಿ ೨೦೨೫

ಬೂದೆಪ್ಪಣ್ಣನಿಗೆ ತಂಗಿ ಭಾಗ್ಯಜ್ಯೋತಿಯ ನಮಸ್ಕಾರಗಳು.

ನೀನು, ಕುರಿಗಳು, ನಾಯಿಗಳು ಎಲ್ಲರೂ ಕ್ಷೇಮವೆಂದು ಮಾರೆಮ್ಮ ಅತ್ತಿಗೆಯಿಂದ ತಿಳಿಯಿತು. ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹೇಳುವಂಥದ್ದು ಏನೂ ಇರಲಿಲ್ಲ. ಈಗ ಇದೆ. ಅತ್ತಿಗೆ ಹಿರೇಕೊಟ್ನೆಕಲ್‌ನಿಂದ ಜೋಳದ ಹಿಟ್ಟು ತೆಗೆದುಕೊಂಡು ದೇವದುರ್ಗದ ಕಡೆ ನಿನ್ನ ಹಟ್ಟಿಗೆ ಬರುವಾಗ ಈ ಕಾಗದದ ಜೊತೆ ಕುರಿ ಇರುವ ಜಾಗವನ್ನು ಪರದೆಗೆ ಕಳಿಸುವ ನಮ್ಮ ವರ್ಕ್‌ಶಾಪಿನ ಒಂದು ಕೊರಳಪಟ್ಟಿಯನ್ನೂ ತರುತ್ತಾಳೆ. ನೋಡಿದ ಕೂಡಲೇ ಎಸೆಯಬೇಡ. ಮೊದಲು ಇದನ್ನು ಓದು.

ಹೋದ ವರ್ಷ ಕರಿ ಟಗರು ತಪ್ಪಿಸಿಕೊಂಡಾಗ ನೀನು ಫೋನ್ ಮಾಡಿ ಎಲ್ಲಿದೆ ಎಂದು ಕೇಳಿದೆ. ನಾನು ಪರದೆ ನೋಡಿ, ಜಾಲಿ ಗಿಡದ ಹತ್ತಿರ ಎಂದೆ. ಅದು ಹಿಂದಿನ ದಿನದ ಜಾಗ. ಪಟ್ಟಿಯ ಬ್ಯಾಟರಿ ಆಗಲೇ ಸತ್ತಿತ್ತು. ನೀನು ಜಾಲಿಯ ಸುತ್ತ ಹುಡುಕುತ್ತಿದ್ದಾಗ, ಬಾಟಲಿ ಹಾಲು ಕುಡಿಸಿ ಬೆಳೆಸಿದ ಆ ಟಗರು ಹಳ್ಳದಲ್ಲಿ ಬಿದ್ದು ಸತ್ತಿತು. “ನಿನ್ನ ಪಟ್ಟಿ ಸುಳ್ಳು ಹೇಳ್ತದ. ಇನ್ನ ನನ್ನ ಕುರಿ ಕೊರಳಿಗೆ ಕಟ್ಟಂಗಿಲ್ಲ” ಎಂದೆ ನೀನು. ಸರಿಯಾಗಿಯೇ ಹೇಳಿದೆ.

ಆವತ್ತಿನಿಂದ ವರ್ಕ್‌ಶಾಪಿನ ಅನುರಾಧಾ ಅಕ್ಕನ ಬೆನ್ನು ಬಿಟ್ಟಿಲ್ಲ. ಪಟ್ಟಿಯ ಒಳಗಿನ ಪ್ರೋಗ್ರಾಮ್ ಬರೆಯುವವಳು ಅವಳು, ಬೆಸುಗೆ ಹಾಕಿ ಡಬ್ಬಿ ಮುಚ್ಚುವವಳು ನಾನು. ಎಲ್ಲರೆದುರು ಕೇಳಲು ನಾಚಿಕೆ, ಬುತ್ತಿ ಬಿಚ್ಚಿದಾಗ ಕೇಳುತ್ತಿದ್ದೆ. ಅವಳು ಹೇಳಿದಳು: “ಪ್ರೋಗ್ರಾಮಿನ ಒಳಗ ಕರ್ನೆಲ್ ಅಂತ ಒಬ್ಬ ಯಜಮಾನ ಅದಾನ. ಒಂದೊಂದು ಭಾಗ ನೋಡ್ಕೊಳ್ಳಾಕ ಒಂದೊಂದು ಡ್ರೈವರ್. ಕೆಲಸ ಇದ್ದಾಗ ಆ ಭಾಗ ಎಬ್ಬಿಸಬೇಕು, ಮುಗಿದ ಮ್ಯಾಲ ಮಲಗಸಬೇಕು. ಎಬ್ಬಿಸಿದಾಗ ಲೆಕ್ಕ ಒಂದು ಏರ್ತದ, ಮಲಗಿಸಿದಾಗ ಒಂದು ಇಳೀತದ; ಲೆಕ್ಕ ಸೊನ್ನಿಗೆ ಬಂದ್ರನ ಆ ಭಾಗ ಮಲಗ್ತದ.”

ಅತ್ತಿಗೆಗೆ ಇದನ್ನು ಹೇಳಿದರೆ, “ಕುರಿ ಕೊರಳಾಗ ಡ್ರೈವರ್ ಕೂತಾನೇನಬೇ? ಅವಗ ರೊಟ್ಟಿ ಯಾರು ಬಡೀತಾರ?” ಎಂದು ನಕ್ಕಳು.

ನನಗೆ ಅಪ್ಪನ ಕಲ್ಲುಗಳು ನೆನಪಾದವು. ಹಟ್ಟಿಯಲ್ಲಿ ಬೆಂಕಿಗೆ ಕೂತವರು ತಲಾ ಒಂದು ಕಲ್ಲು ಇಡಬೇಕು, ಮಲಗಲು ಹೋಗುವಾಗ ತೆಗೆಯಬೇಕು. ಕೊನೆಯ ಕಲ್ಲು ತೆಗೆದವರು ಕೆಂಡಕ್ಕೆ ಬೂದಿ ಮುಚ್ಚಬೇಕು. ಕೆಂಡವೂ ಉಳಿಯುತ್ತಿತ್ತು, ಕಟ್ಟಿಗೆಯೂ ಉಳಿಯುತ್ತಿತ್ತು. ಗುರುಸಿದ್ದ ಕಾಕಾನನ್ನು ಕಾವಲಿಗೆ ಕರೆಯುವಾಗ ಮಾತ್ರ ಎಡವಟ್ಟು. ಅವನ ಕಲ್ಲನ್ನು ಮೊದಲೇ ಇಟ್ಟು ಕರೆಯುತ್ತಿದ್ದಿರಿ, ಅವನು ಏಳುತ್ತಿರಲಿಲ್ಲ. ಕಲ್ಲು ಇದೆಯಲ್ಲ ಎಂದು ಯಾರೂ ಬೂದಿ ಮುಚ್ಚುತ್ತಿರಲಿಲ್ಲ. ಬೆಳಗಾದರೆ ಕಟ್ಟಿಗೆ ಖಾಲಿ.

ನಮ್ಮ ವರ್ಕ್‌ಶಾಪಿನ ಪಕ್ಕದಲ್ಲೇ ಮೊಬೈಲ್ ಟವರ್ ಇದೆ, ಇಲ್ಲಿ ಪಟ್ಟಿ ಸಾಯುವುದೇ ಇಲ್ಲ. ಅದಕ್ಕೇ ಬ್ಯಾಟರಿ ಖರ್ಚು ಅಳೆಯುವ ಮೀಟರ್ ಜೋಡಿಸಿದ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡು ಟಗರು ಸತ್ತ ಆ ಹಳ್ಳದಲ್ಲೇ ಹೋಗಿ ಕೂತೆ. ಹತ್ತಿ ಬಿಡಿಸಿ ಬರುತ್ತಿದ್ದ ರಂಜಾನಬಿ ಎಂಬ ಮುದುಕಿ ನಿಂತು ನೋಡಿ, “ಯಾರ ಕುರಿಬೇ ನೀನು? ಹಿಂಡು ತಪ್ಪಿ ಬಂದೀಯೇನು?” ಎಂದಳು. ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಏಳಲಿಲ್ಲ.

ಮೀಟರ್ ನೋಡಿ ಅಕ್ಕ ಹಣೆ ಬಡಿದುಕೊಂಡಳು. ಹಳ್ಳದಲ್ಲಿ ಟವರ್ ಸಿಗದೆ, ಜಾಗದ ಸುದ್ದಿ ಕಳಿಸುವ ರೇಡಿಯೋ ಭಾಗ ಏಳುತ್ತಿರಲಿಲ್ಲ. ಆಗಲಿಲ್ಲ ಎಂದು ಡ್ರೈವರ್ ಸುಮ್ಮನೆ ಹಿಂತಿರುಗುತ್ತಿತ್ತು. “ಏಳಲಿಲ್ಲಂದ್ರೂ ಎಬ್ಬಿಸಾಕ ಕರೆದ ಲೆಕ್ಕ ಏರಿರ್ತದವ್ವಾ. ಅದನ್ನ ಇಳಿಸೋದು ನಾವು ಮರ್ತೀವಿ” ಎಂದಳು. ರೇಡಿಯೋ ಅರ್ಧ ಎಚ್ಚರದಲ್ಲೇ ಉಳಿದು ಬ್ಯಾಟರಿ ತಿನ್ನುತ್ತಿತ್ತು. ಏಳದಿದ್ದರೂ ಲೆಕ್ಕ ಇಳಿಸುವ ಒಂದೇ ಸಾಲನ್ನು ಅಕ್ಕ ಸೇರಿಸಿದಳು. ನಾನು ಮತ್ತೆ ಹೋಗಿ ಅಲ್ಲೇ ಕೂತೆ. ಈ ಸಲ ಪಟ್ಟಿ ಸದ್ದಿಲ್ಲದೆ ಮಲಗಿತು. ಹಳೆಯ ಜಾಗವಾದರೆ ಹಳೆಯದೆಂದೇ ಪರದೆ ಹೇಳುವಂತೆಯೂ ಮಾಡಿಸಿದ್ದೇನೆ.

ಅಣ್ಣಾ, ಒಂದೇ ಒಂದು ಕುರಿಗೆ ಕಟ್ಟು. ಅದೇ ಹಳ್ಳದಲ್ಲಿ ಮೇಯಿಸು. ಪಟ್ಟಿ ಸತ್ತರೆ ನಾನೇ ಬಂದು ಅದನ್ನು ಕೃಷ್ಣೆಗೆ ಎಸೆದು, ಇನ್ನೊಂದು ಮಾಡಲು ಕೂರುತ್ತೇನೆ.

ಬೀರಪ್ಪ ನಿನ್ನ ಹಿಂಡನ್ನು ಕಾಯಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ
ಭಾಗ್ಯಜ್ಯೋತಿ

ತಾ.ಕ.: ಟಗರು ಸತ್ತಾಗಿನಿಂದ ಪ್ರತಿ ಸೋಮವಾರ ನಿನಗೆ ಫೋನ್ ಮಾಡುತ್ತಿದ್ದೇನೆ. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಕರೆದರೂ ಏಳದವನ ಕಲ್ಲು ತೆಗೆದುಬಿಡಬೇಕೆಂದು ಪಟ್ಟಿಗೆ ಕಲಿಸಿದ್ದೇವೆ. ನಿನ್ನ ಕಲ್ಲನ್ನು ಮಾತ್ರ ನಾನು ತೆಗೆಯುವುದಿಲ್ಲ. ಬೆಂಕಿ ಉರಿಯಲಿ. ಕಟ್ಟಿಗೆ ನಾನು ತಂದು ಹಾಕುತ್ತೇನೆ.