ಯಜಮಾನ್ರು ಮನೇಲಿದ್ದಾರಾ?

ಮಾರ್ಚ್ ೧೧, ಮಂಗಳವಾರ

ಬದುಕಿರುವವರಿಗೆ ಇವತ್ತು ಶ್ರದ್ಧಾಂಜಲಿ ಸಲ್ಲಿಸಿಬಿಟ್ಟೆ. ಅದೂ ಯಾರಿಗೆ? ನನಗೆ ಕೆಲಸ ಕಲಿಸಿದ ಮೇಷ್ಟ್ರಿಗೆ.

ಇಪ್ಪತ್ತೆರಡು ವರ್ಷ ಪತ್ರಿಕೆಯಲ್ಲಿ ನಿಧನ ವಾರ್ತೆ ನೋಡಿಕೊಂಡವಳು ನಾನು. ಯಾರೇ ಸುದ್ದಿ ತರಲಿ, ಆ ಮನೆಗೊಂದು ಫೋನ್ ಮಾಡದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸಿದವಳಲ್ಲ. ಕಲಿಸಿದ್ದು ಆಗ ಸುದ್ದಿ ಸಂಪಾದಕರಾಗಿದ್ದ ಈ ಮೇಷ್ಟ್ರೇ. "ಸತ್ರಾ ಅಂತ ಕೇಳಬೇಡಮ್ಮ. ಯಜಮಾನ್ರು ಮನೇಲಿದ್ದಾರಾ ಅಂತ ಕೇಳು. ಗೊತ್ತಾಗಿಬಿಡುತ್ತೆ."

ಹೋದ ತಿಂಗಳು ಆ ಅಂಕಣವನ್ನೇ ನಿಲ್ಲಿಸಿದರು. "ಎಲ್ಲಾ ವಾಟ್ಸಾಪಲ್ಲೇ ಬರುತ್ತಲ್ಲ, ನಮ್ಮದನ್ನ ಯಾರು ಓದ್ತಾರೆ?" ಎಂದರು ಈಗಿನ ಸಂಪಾದಕರು. ಒಳಗೊಳಗೇ ಕುದಿದಿದ್ದೆ. ಎಷ್ಟು ಕುದಿದರೇನು.

ಬೆಳಗ್ಗೆ ಹಳೆಯ ಸಹೋದ್ಯೋಗಿಗಳ ಗುಂಪಿನಲ್ಲಿ ಮೇಷ್ಟ್ರ ಫೋಟೋ, ಕೆಳಗೆ ‘ಇನ್ನಿಲ್ಲ’ ಎಂಬ ಸಾಲು. ಅರವತ್ತು ಜನ ಕೈ ಮುಗಿದಿದ್ದರು. ಅಷ್ಟೂ ಜನ ಪತ್ರಕರ್ತರು! ಬಸ್ಸಿನಲ್ಲಿ ನಿಂತುಕೊಂಡೇ ನಾನೂ ಕೈಮುಗಿಯುವ ಚಿತ್ರ ಒತ್ತಿದೆ. ಕಣ್ಣೂ ಒದ್ದೆಯಾಯಿತು. ಫೋನ್ ಮಾಡಬೇಕೆಂದು ಮಾತ್ರ ಹೊಳೆಯಲೇ ಇಲ್ಲ. ಅವರ ಮನೆಯ ನಂಬರು ನನಗೆ ಬಾಯಿಪಾಠ.

ಸಂಜೆ ಅವರೇ ಫೋನ್ ಮಾಡಿದರು. ತೀರಿಕೊಂಡವರು ಅದೇ ಹೆಸರಿನ ಬೇರೆ ಯಾರೋ. ಮೇಷ್ಟ್ರ ಫೋಟೋ ಅಂಟಿಸಿದವರು ನಮ್ಮವರೇ. ‘ನಾನಿನ್ನೂ ಇದ್ದೇನೆ’ ಎಂದು ಅವರೇ ಗುಂಪಿನಲ್ಲಿ ಬರೆದರೆ, ಅದರ ಕೆಳಗೂ ಇಬ್ಬರು ಕೈ ಮುಗಿದಿದ್ದಾರೆ.

"ತಪ್ಪಾಯ್ತು ಮೇಷ್ಟ್ರೇ" ಅಂದೆ. ಬೈಯಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

"ಬೆಳಗ್ಗೆಯಿಂದ ಫೋನ್ ಪಕ್ಕದಲ್ಲೇ ಕೂತಿದ್ದೆ ಕಣಮ್ಮ" ಎಂದರು. "ಯಜಮಾನ್ರು ಮನೇಲಿದ್ದಾರಾ ಅಂತ ನೀನೊಬ್ಬಳಾದ್ರೂ ಕೇಳ್ತೀಯ ಅಂದ್ಕೊಂಡಿದ್ದೆ."