ಪರೀಕ್ಷೆಗೆ ಕೊಟ್ಟ ಆರು ಏಡಿಗಳು

ಹೂವಿನಹಡಗಲಿ, 1983

ಆಹಾರ ಪರೀಕ್ಷೆಯ ಮಾನ್ಯ ಅಧಿಕಾರಿಗಳೇ,

ನಾನು ಪರೀಕ್ಷೆಗೆಂದು ಕೊಟ್ಟ ಆರು ಏಡಿಗಳನ್ನು ನಿಮ್ಮ ಕಚೇರಿಯವರು ಸಾರು ಮಾಡಿಕೊಂಡು ಉಂಡಿದ್ದಾರೆ. ದೂರು ಇಷ್ಟೇ. ಮುಂದಿನದು ವಿವರ.

ಇಲ್ಲಿಯ ಸಂತೆಯಲ್ಲಿ ಹದಿನೈದು ವರ್ಷದಿಂದ ಏಡಿ ಮಾರುವ ಸುಂಕಮ್ಮ ಕಳೆದ ತಿಂಗಳು ಬುಟ್ಟಿ ಹೊತ್ತು ನಮ್ಮ ಮನೆಗೇ ಬಂದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು, ಆಕೆಯ ಖಾಯಂ ಗಿರಾಕಿ. "ಮೇಷ್ಟ್ರೆ, ಚಿಪ್ಪಿನೊಳಗ ಕರ್ರಗ ಅಂಟೇತ್ರಿ, ಎಷ್ಟು ತೊಳದ್ರೂ ಹೋಗವಲ್ದು. ಬಣ್ಣದ ಕಾರ್ಖಾನಿ ನೀರು ಹಳ್ಳಕ್ಕ ಬಿಡಾಕ ಹತ್ತಿದ ಮ್ಯಾಲ ಹಿಂಗಾಗೇತಿ" ಎಂದಳು. ಬಣ್ಣಕ್ಕೆ ಸೀಸ ಬೆರೆಸುತ್ತಾರೆ, ಅದು ಏಡಿಯ ಮೈಯಲ್ಲೂ ತಿಂದವರ ಮೈಯಲ್ಲೂ ಸೇರಿ ಉಳಿಯಬಹುದು ಎಂದೆ. ಆಕೆಯ ಮಗಳು ಮಾರೆಮ್ಮ ಆರು ತಿಂಗಳ ಬಸುರಿ, ವಾರಕ್ಕೆರಡು ಸಲ ಏಡಿ ಸಾರು ಉಣ್ಣುವವಳು. ಸುಂಕಮ್ಮ ಬುಟ್ಟಿ ಕೆಳಗಿಟ್ಟು ಅದರ ಬಾಯಿಗೆ ಬಟ್ಟೆ ಮುಚ್ಚಿದಳು.

"ಪರೀಕ್ಷೆ ಮಾಡಿಸೋಣ" ಎಂದೆ. ಆಗ ನನಗೆ ನಿಮ್ಮ ಮೇಲೆ ನಂಬಿಕೆಯಿತ್ತು.

ಒದ್ದೆ ಗೋಣಿಚೀಲದಲ್ಲಿ ಆರು ಜೀವಂತ ಏಡಿಗಳೊಂದಿಗೆ ನಿಮ್ಮ ಕಚೇರಿಗೆ ಬಸ್ ಹತ್ತಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹೊರಬಂದು ಕಂಡಕ್ಟರನ ಪ್ಯಾಂಟು ಹಿಡಿಯಿತು. ನಿಮ್ಮ ಗುಮಾಸ್ತರು, "ಇದು ಮೀನೂ ಅಲ್ಲ, ಮಾಂಸಾನೂ ಅಲ್ಲ, ಯಾವ ಕಾಲಂನಾಗ ಬರ್ಕೊಳ್ಳಲಿ?" ಎಂದು ಅರ್ಧ ಗಂಟೆ ಚಿಂತಿಸಿ, "ಇತರೆ" ಎಂದು ಬರೆದುಕೊಂಡರು.

ಹತ್ತು ದಿನಕ್ಕೆ ಉತ್ತರ ಬಂತು: "ಮಾದರಿಯು ಸೇವನೆಗೆ ಯೋಗ್ಯವಾಗಿದೆ." ಸೀಸದ ಅಂಕಿ ಎಲ್ಲಿ? ಕೇಳಲು ಮತ್ತೆ ಬಂದೆ. ಜವಾನ ಮೈಲಪ್ಪ ಪ್ರಾಮಾಣಿಕ.

"ಮಷೀನು ಬೆಂಗಳೂರಾಗ ಐತ್ರಿ. ಅಲ್ಲಿಗೆ ಹೋಗತನ ಏಡಿ ಬದುಕ್ತಾವೇನ್ರಿ? ನಾನೂ ಗುಮಾಸ್ತರೂ ಉಂಡ್ವಿ. ನೋಡ್ರಿ, ಏನಾಗೇತಿ ನಮಗ? ಖಾರ ಒಂದು ಕಮ್ಮಿ ಬಿದ್ದಿತ್ತು."

ಮಾನ್ಯರೇ, ಸೀಸ ಉಂಡ ದಿನವೇ ಹೊಟ್ಟೆನೋವಾಗಿ ಬಂದು ತನ್ನ ಹೆಸರು ಹೇಳಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಮೈಯೊಳಗೆ ಕೂತು ಎಳೆಯ ಮಕ್ಕಳ ಬುದ್ಧಿ ಮಂಕು ಮಾಡುತ್ತದೆ. ಮೈಲಪ್ಪನ ಹೊಟ್ಟೆಯೇ ಸರ್ಕಾರಿ ಪ್ರಯೋಗಾಲಯವೆಂದಾದರೆ ಮೊಹರನ್ನು ಎಲ್ಲಿ ಒತ್ತುತ್ತೀರಿ?

ನಿಮ್ಮ ಪತ್ರವನ್ನೂ ಸಾರಿನ ಕಥೆಯನ್ನೂ ಸುಂಕಮ್ಮನಿಗೆ ಹೇಳಿದೆ. ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ, "ಅವರು ಉಂಡದ್ದು ಅವರ ಪಾಡು. ನಾ ಬಸುರೇರಿಗೆ ಹೆಂಗ ಮಾರ್ಲಿ, ಮೇಷ್ಟ್ರೆ?" ಎಂದಳು. ಈಗ ಅದೇ ಜಾಗದಲ್ಲಿ ಬದನೆಕಾಯಿ ಇಟ್ಟು ಕೂಡುತ್ತಾಳೆ. ವ್ಯಾಪಾರ ಇನ್ನೂ ಕೈಹತ್ತಿಲ್ಲ. ನೀವು ಹಾಕಬೇಕಾಗಿದ್ದ ನಿಷೇಧವನ್ನು ಅಕ್ಷರ ಬಾರದ ಹೆಂಗಸೊಬ್ಬಳು ತನ್ನ ಅನ್ನದ ಮೇಲೆ ತಾನೇ ಹಾಕಿಕೊಂಡಿದ್ದಾಳೆ.

ಆದ್ದರಿಂದ ಹಳ್ಳದ ನೀರು, ಏಡಿ, ಮಾರೆಮ್ಮನ ರಕ್ತ ಮೂರನ್ನೂ ಬೆಂಗಳೂರಿನ ಮಷೀನಿಗೆ ಕಳಿಸಿರಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು ಸಂತೆಯ ಬಾಗಿಲಿಗೆ ಅಂಟಿಸಿರಿ. ನಿಮ್ಮ ಕಡತಕ್ಕೆ ಅವಸರವಿಲ್ಲದಿರಬಹುದು. ಮಾರೆಮ್ಮನಿಗೆ ಈಗ ಏಳು ತುಂಬಿದೆ.

ಇಂತಿ,
ಏಡಿ ಸಾರಿನ ಆಸೆ ಇನ್ನೂ ಬಿಡದ, ಉಣ್ಣುವ ಧೈರ್ಯವೂ ಇಲ್ಲದ
ಓಬಳೇಶ, ವಿಜ್ಞಾನ ಶಿಕ್ಷಕ